ಹಾಪರ್‌ನಲ್ಲಿ ಭತ್ತ ಕಟ್ಟಿಕೊಳ್ಳುತ್ತಿದ್ದರೆ ದುಂಡು ತೂತು ಬಿಟ್ಟು ಉದ್ದ ಸೀಳು ಮಾಡಿಸಿ

ನಮ್ಮ ಹಾಪರ್‌ನಲ್ಲಿ (ಮೇಲಿಂದ ಕಾಳು ಸುರಿದು ಕೆಳಗಿನ ತೂತಿನಿಂದ ಇಳಿಸುವ ಲಾಳಿಕೆಯಂಥ ತಗಡಿನ ಡಬ್ಬ) ರಾಗಿ, ಸಾಸಿವೆ ಸಲೀಸಾಗಿ ಇಳಿಯುತ್ತಿದ್ದವು. ಭತ್ತ ಮಾತ್ರ ಸ್ವಲ್ಪ ಹರಿದು ನಿಂತುಬಿಡುತ್ತಿತ್ತು. ಕೆಳಗಿನಿಂದ ಟಾರ್ಚ್ ಬಿಟ್ಟರೆ ಕಾಳುಗಳು ಅಡ್ಡಡ್ಡ ಸಿಕ್ಕಿಕೊಂಡು ತೂತಿನ ಮೇಲೆ ಕಮಾನು ಕಟ್ಟಿದ್ದು ಕಾಣುತ್ತಿತ್ತು, ನಡುವೆ ಹುಲ್ಲಿನ ಚೂರು ಬೇರೆ.

ಸುತ್ತಿಗೆಯಿಂದ ತಟ್ಟಿದರೆ ಆಗ ಬೀಳುತ್ತದೆ, ಮತ್ತೆ ಕಟ್ಟುತ್ತದೆ. ಹಾಪರ್ ಅಲುಗಾಡಿಸುವ ವೈಬ್ರೇಟರ್ ಹಾಕಿದ ಮೇಲೆ ಇನ್ನೂ ಜಾಸ್ತಿ ಆಯ್ತು, ತೂತಿನ ಗೇಟು ಮುಚ್ಚಿದ್ದಾಗ ಅದು ಓಡಿದರೆ ಭತ್ತ ಗಟ್ಟಿಯಾಗಿ ಕೂರುತ್ತದೆ. ಇನ್ನಷ್ಟು ಒಣಗಿಸಿದರೂ ಹಾಗೇ. ಅಂದರೆ ಆಕಾರವೇ ಕಾರಣ. ರಾಗಿ ಉರುಳುತ್ತದೆ, 8-9 ಮಿ.ಮೀ. ಉದ್ದದ ಒರಟು ಸಿಪ್ಪೆಯ ಭತ್ತ ಉರುಳುವುದಿಲ್ಲ.

ಸರಿಹೋಗಿದ್ದು ಬಾಯಿ ಬದಲಿಸಿದ ಮೇಲೆ. 50 ಮಿ.ಮೀ. ದುಂಡು ತೂತಿನ ಜಾಗದಲ್ಲಿ 50 ಮಿ.ಮೀ. ಅಗಲ, 200 ಮಿ.ಮೀ. ಉದ್ದದ ಸೀಳು ಮಾಡಿಸಿದೆ. ದುಂಡು ಬಾಯಲ್ಲಿ ಕಮಾನಿಗೆ ಸುತ್ತಲೂ ಆಸರೆ ಸಿಗುತ್ತದೆ, ಉದ್ದ ಸೀಳಲ್ಲಿ ಹೆಚ್ಚು ಕಮ್ಮಿ ಎರಡೇ ಕಡೆ. ಸೀಳಿನ ಉದ್ದ ಅದರ ಅಗಲದ ಮೂರು ಪಟ್ಟಾದರೂ ಇರಲಿ, ಒಳಗೆ ಚಪ್ಪಟೆ ಅಂಚು ಉಳಿಯದ ಹಾಗೆ ತಗಡನ್ನು ಸೀಳಿನವರೆಗೂ ಇಳಿಜಾರಾಗಿ ತರಬೇಕು, ಇಲ್ಲದಿದ್ದರೆ ಅಲ್ಲೇ ಕಾಳು ನಿಲ್ಲುತ್ತದೆ. ಮೊದಲು ಜರಡಿ ಹಿಡಿದು ಹುಲ್ಲು ತೆಗೆಯಿರಿ, ಆಮೇಲೆ ಸುರಿಯಿರಿ, ಗೇಟು ಪೂರ್ತಿ ತೆರೆಯಿರಿ. ಅರ್ಧ ತೆರೆದರೆ ಸೀಳು ಮಾಡಿಸಿದ್ದೇ ದಂಡ. ಹರಿವು ಕಮ್ಮಿ ಬೇಕಾದರೆ ಸೀಳಿನ ಪೂರ್ತಿ ಉದ್ದಕ್ಕೂ ಕಾಳು ಎಳೆಯುವ ರೋಲರ್ ಫೀಡರ್ (ತಿರುಗುತ್ತಾ ಕಾಳು ಇಳಿಸುವ ಉರುಳೆ) ಕೆಳಗೆ ಹಾಕಿಸಿ.