ಎಂಎಲ್‌ಎ ಲಿಂಕನ್ ಬಗ್ಗೆ ಬರೆಯಲು ಕೂತಾಗ

ನಾನು ಪಾಠ ಮಾಡುತ್ತಿದ್ದ ಶಾಲೆಯ ಮೆಟ್ಟಿಲ ಹತ್ತಿರ ಒಂದು ಪಟ್ಟಿ ಅಂಟಿಸಿದ್ದರು. ಲಿಂಕನ್ ಸೋಲುಗಳ ಪಟ್ಟಿ. ವ್ಯಾಪಾರದಲ್ಲಿ ಸೋತ, ಶಾಸನಸಭೆಗೆ ನಿಂತು ಸೋತ, ಸ್ಪೀಕರ್ ಆಗಲು ಹೋಗಿ ಸೋತ, ಸೆನೆಟ್‌ಗೆ ಸೋತ, ಕೊನೆಗೆ 1860ರಲ್ಲಿ ಅಮೆರಿಕದ ಅಧ್ಯಕ್ಷನಾಗಿ ಗೆದ್ದ. ನೀವೂ ನೋಡಿರುತ್ತೀರಿ. ಮಗನ ಮೇಷ್ಟರಿಗೆ ಲಿಂಕನ್ ಬರೆದ ಪತ್ರ ಅಂತ ಓದುತ್ತಾರಲ್ಲ, ಅದರ ತಮ್ಮನ ಹಾಗೆ ಇದೂ ಎಲ್ಲ ಕಡೆ ಇದೆ. (ಆ ಪತ್ರ ಅವನೇ ಬರೆದದ್ದು ಅನ್ನುವುದಕ್ಕೆ ಆಧಾರವಿಲ್ಲ. ಅದು ಬೇರೆ ಮಾತು.)

ಒಂದು ದಿನ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಕೇಳಿದ: ‘ಸರ್, ಇಷ್ಟು ಸೋತವನಿಗೆ ಟಿಕೆಟ್ ಕೊಟ್ಟವರು ಯಾರು?’

ನನಗೆ ಉತ್ತರ ಹೊಳೆಯಲಿಲ್ಲ. ಆ ಬೇಸಿಗೆ ರಜೆಯಲ್ಲಿ ಶಾಲೆಯ ವಾರ್ಷಿಕ ಸಂಚಿಕೆಗೆ ಹತ್ತು ಪುಟ ಬರೆಯಲು ಕೂತೆ. ಅಧ್ಯಕ್ಷ ಲಿಂಕನ್ ಬೇಡ, ಇಲಿನಾಯ್ ರಾಜ್ಯದ ಎಂಎಲ್‌ಎ ಲಿಂಕನ್ ಮಾತ್ರ ಸಾಕು ಅಂದುಕೊಂಡೆ.

ಮೊದಲು ಮಾಡಿದ ಕೆಲಸ, ಒಂದು ನೋಟ್‌ಬುಕ್ಕಿನಲ್ಲಿ ಇಸವಿಗಳನ್ನು ಬರೆದದ್ದು. ಅಲ್ಲೇ ಪಟ್ಟಿಯ ಬಣ್ಣ ಬಯಲಾಯಿತು. 1832ರಲ್ಲಿ ಸೋತದ್ದು ನಿಜ. ಹದಿಮೂರು ಜನರಲ್ಲಿ ಎಂಟನೆಯವನು. ಆದರೆ 1834, 1836, 1838, 1840, ನಾಲ್ಕೂ ಸಲ ಗೆದ್ದಿದ್ದಾನೆ. 1854ರಲ್ಲಿ ಮತ್ತೆ ಗೆದ್ದು, ಸೆನೆಟ್‌ಗೆ ಹೋಗಬೇಕು ಅಂತ ಆ ಸೀಟು ಬಿಟ್ಟುಕೊಟ್ಟ. ಜನರ ನೇರ ಮತದಿಂದ ತಾನು ಸೋತದ್ದು 1832ರಲ್ಲಿ ಒಂದೇ ಸಲ ಅಂತ ಅವನೇ ಮುಂದೆ ಬರೆದುಕೊಂಡಿದ್ದಾನೆ. ದೇಶದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ಗೆ ಆಗ ಆರಿಸುತ್ತಿದ್ದದ್ದು ಜನರಲ್ಲ, ರಾಜ್ಯದ ಶಾಸಕರು.

ಆ ಒಂದು ಸೋಲಿನಲ್ಲೂ ಒಂದು ಸ್ವಾರಸ್ಯ ಇದೆ. ಅವನಿದ್ದ ನ್ಯೂ ಸೇಲಂ ಹಳ್ಳಿಯಲ್ಲಿ 300 ಮತಗಳಲ್ಲಿ 277 ಅವನಿಗೇ ಬಿದ್ದವು. ಆಗ ಇಲಿನಾಯ್‌ನಲ್ಲಿ ಮತ ಅಂದರೆ ಬಾಯಿಬಿಟ್ಟು ಹೇಳುವುದು. ಗುಮಾಸ್ತ ಬರೆದುಕೊಳ್ಳುತ್ತಾನೆ, ಸುತ್ತ ನಿಂತವರು ಕೇಳಿಸಿಕೊಳ್ಳುತ್ತಾರೆ. ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು: ಟಿಕೆಟ್ ಕೊಟ್ಟದ್ದು ಊರಿನವರು.

ಜೀವನಚರಿತ್ರೆಗಳನ್ನು ಓದುವ ಮೊದಲು ಅವನ ಸ್ವಂತ ಬರಹ ಓದಿದೆ. ಮಿಷಿಗನ್ ವಿಶ್ವವಿದ್ಯಾಲಯ ಅದನ್ನೆಲ್ಲ ಅಂತರ್ಜಾಲದಲ್ಲಿ ಇಟ್ಟಿದೆ, ದುಡ್ಡು ಕೊಡಬೇಕಿಲ್ಲ. ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಸುಮ್ನೆ ಇನ್ನೊಬ್ಬರ ಭಕ್ತಿಯನ್ನು ನಕಲು ಮಾಡುತ್ತಿದ್ದೆ.

1834ರಲ್ಲಿ ಗೆದ್ದಾಗ ಅವನಿಗೆ 25 ವರ್ಷ. ಹಳ್ಳಿಯ ಪೋಸ್ಟ್‌ಮಾಸ್ಟರ್, ಜೊತೆಗೆ ಸರ್ವೆ ಕೆಲಸ, ಮೈತುಂಬ ಸಾಲ. ಪರಿಚಯದವನೊಬ್ಬನಿಂದ 200 ಡಾಲರ್ ಕೈಸಾಲ ತಂದು, ಅದರಲ್ಲಿ 60 ಡಾಲರಿಗೆ ಸೂಟ್ ಹೊಲಿಸಿಕೊಂಡು ಆಗಿನ ರಾಜಧಾನಿ ವ್ಯಾಂಡೇಲಿಯಾಕ್ಕೆ ಹೋದ. ಈ ಸೂಟಿಗೆ ನಾನು ಅರ್ಧ ಪುಟ ಕೊಟ್ಟೆ. ಮಕ್ಕಳು ಅದನ್ನೇ ಜಾಸ್ತಿ ನೆನಪಿಟ್ಟುಕೊಂಡರು.

ಕೆಲಸ ಕೆಟ್ಟದ್ದು 1837ರ ಭಾಗದಲ್ಲಿ. ಮೊದಲ ಸಲ ವಿಷಯವಾರು ಬರೆದೆ. ರೈಲು-ಕಾಲುವೆ ಒಂದು ತಲೆಬರಹ, ರಾಜಧಾನಿ ಇನ್ನೊಂದು, ಗುಲಾಮಗಿರಿ ಮತ್ತೊಂದು. ಅಚ್ಚುಕಟ್ಟಾಗಿತ್ತು, ಆದರೆ ಜೀವವಿರಲಿಲ್ಲ. ಮತ್ತೆ ನೋಟ್‌ಬುಕ್ ತೆಗೆದು ತಾರೀಖು ನೋಡಿದೆ. ಫೆಬ್ರವರಿ 27: ರೈಲು, ಕಾಲುವೆ, ನದಿ ಅಂತ 1 ಕೋಟಿ ಡಾಲರಿಗೂ ಮೀರಿದ ಯೋಜನೆ ಕಾನೂನಾಯಿತು. ಫೆಬ್ರವರಿ 28: ರಾಜಧಾನಿ ವ್ಯಾಂಡೇಲಿಯಾದಿಂದ ಸ್ಪ್ರಿಂಗ್‌ಫೀಲ್ಡ್‌ಗೆ ಹೋಗಲಿ ಅಂತ ತೀರ್ಮಾನ. ಮಾರ್ಚ್ 3: ಗುಲಾಮಗಿರಿ ಅನ್ಯಾಯ, ಕೆಟ್ಟ ನೀತಿ ಕೂಡ ಅಂತ ಲಿಂಕನ್ ಮತ್ತು ಜೊತೆಯ ಶಾಸಕ ಡ್ಯಾನ್ ಸ್ಟೋನ್ ಬರೆದುಕೊಟ್ಟ ಹೇಳಿಕೆ. ಐದೇ ದಿನ! ಮೂರು ತಲೆಬರಹ ಹೊಡೆದುಹಾಕಿ ದಿನದ ಲೆಕ್ಕದಲ್ಲಿ ಬರೆದೆ.

ಹಾಗೆ ಬರೆದಾಗ ಮುಜುಗರದ ಸಂಗತಿಗಳೂ ಎದ್ದು ಬಂದವು. ಗುಲಾಮಗಿರಿ ವಿರೋಧಿ ಸಂಘಗಳನ್ನು ಖಂಡಿಸುವ ನಿರ್ಣಯ ಸದನದಲ್ಲಿ ಬಂದದ್ದು ಜನವರಿಯಲ್ಲಿ. ಪರ 77, ವಿರೋಧ 6. ಆ ಆರರಲ್ಲಿ ಲಿಂಕನ್ ಒಬ್ಬ. ಆದರೆ ಬರಹದ ಹೇಳಿಕೆ ಕೊಡಲು ಆರು ವಾರ ಕಾದ. ಅಷ್ಟರಲ್ಲಿ ರಾಜಧಾನಿ ಅವನ ಕ್ಷೇತ್ರಕ್ಕೆ ಬಂದಾಗಿತ್ತು. ಲೆಕ್ಕ ಹಾಕಿಯೇ ಕಾದ ಅನ್ನುವುದು ನನ್ನ ಅನಿಸಿಕೆ. ಹೇಳಿಕೆಯಲ್ಲೂ ಎಚ್ಚರ ಇದೆ: ಗುಲಾಮಗಿರಿ ತಪ್ಪು, ಆದರೆ ಅದರ ವಿರುದ್ಧದ ಪ್ರಚಾರದಿಂದ ಕೇಡು ಹೆಚ್ಚುತ್ತದೆ ಅಂತಾನೆ. ನನ್ನ ಮೊದಲ ಕರಡಿನಲ್ಲಿ ಈ ‘ಆದರೆ’ ಬಿಟ್ಟುಹೋಗಿತ್ತು. ಬಿಟ್ಟುಹೋಗಿತ್ತು ಅಂದರೆ ನಾನೇ ಬಿಟ್ಟಿದ್ದೆ. ಆಮೇಲೆ ಸೇರಿಸಿದೆ.

ರಾಜಧಾನಿ ತಂದದ್ದು ಲಿಂಕನ್‌ನ ಸ್ಯಾಂಗಮನ್ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಒಂಬತ್ತು ಶಾಸಕರು, ಇಬ್ಬರು ರಾಜ್ಯದ ಮೇಲ್ಮನೆಯವರು, ಏಳು ಮಂದಿ ಕೆಳಮನೆಯವರು. ಎಲ್ಲರೂ ಆರಡಿ ಆಸುಪಾಸಿನವರು, ಹಾಗಾಗಿ ‘ಉದ್ದನೆಯ ಒಂಬತ್ತು ಜನ’ ಅಂತಲೇ ಹೆಸರು. ನಮ್ಮೂರಿಗೆ ರಾಜಧಾನಿ, ನಿಮ್ಮೂರಿಗೆ ರೈಲು ಅಂತ ಮತ ಕುದುರಿಸಿದರು ಅನ್ನುವ ಆರೋಪ ಆಗಲೇ ಇತ್ತು. ಇತಿಹಾಸಕಾರರು ಇನ್ನೂ ವಾದ ಮಾಡುತ್ತಿದ್ದಾರೆ. ಯೋಜನೆಯ ಗತಿ ಮಾತ್ರ ಖಚಿತ: ಅದೇ ವರ್ಷ ಆರ್ಥಿಕ ಕುಸಿತ ಬಂತು, ಕೆಲವೇ ವರ್ಷಗಳಲ್ಲಿ ರಾಜ್ಯ ಸಾಲದ ಬಡ್ಡಿ ಕಟ್ಟುವುದನ್ನೇ ನಿಲ್ಲಿಸಿತು.

ಅನುವಾದದ ಫಜೀತಿಗಳು ಬೇರೆ. ಅವನ ಪಕ್ಷದ ಹೆಸರು ವಿಗ್. ಕನ್ನಡದಲ್ಲಿ ಬರೆದರೆ ತಲೆಗೆ ಇಟ್ಟುಕೊಳ್ಳುವ ವಿಗ್‌ಗೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಕ್ಲಾಸು ಹತ್ತು ನಿಮಿಷ ನಕ್ಕಿತು. ಮಾರ್ಚ್ 3ರ ಕಾಗದಕ್ಕೆ ‘ಪ್ರತಿಭಟನೆ’ ಅಂತ ಬರೆದಿದ್ದೆ. ಓದಿದ ಸಹೋದ್ಯೋಗಿ, ಎಲ್ಲಿ ಧರಣಿ ಕೂತಿದ್ದ ಅಂತ ಕೇಳಿದರು. ‘ಅಸಮ್ಮತಿ ಪತ್ರ’ ಅಂತ ಬದಲಾಯಿಸಿದೆ.

1841ರ ಜನವರಿಯಲ್ಲಿ ಅವನ ಮನಸ್ಸು ತೀರಾ ಕುಸಿದು, ಸದನಕ್ಕೆ ಕೆಲವು ದಿನ ಹೋಗಲಿಲ್ಲ. ತನ್ನಷ್ಟು ದುಃಖಿ ಇನ್ನೊಬ್ಬನಿಲ್ಲ ಅಂತ ತನ್ನ ವಕೀಲಿಕೆಯ ಪಾರ್ಟ್‌ನರ್‌ಗೆ ಕಾಗದ ಬರೆದ. ಅದಕ್ಕೆ ಎರಡೇ ಸಾಲು ಕೊಟ್ಟೆ. 1842ರಲ್ಲಿ ಮತ್ತೆ ನಿಲ್ಲಲಿಲ್ಲ.

ಕೊನೆಯ ಜಗಳ ಸರ್ವನಾಮದ್ದು. ನಾನು ಉದ್ದಕ್ಕೂ ‘ಅವನು’ ಅಂತ ಬರೆದಿದ್ದೆ. ಕರಡು ತಿದ್ದಿದ ಹಿರಿಯ ಮೇಡಂ ಪೆನ್ಸಿಲಿನಲ್ಲಿ ಎಲ್ಲ ಕಡೆ ‘ಅವರು’ ಮಾಡಿದರು. ಅಧ್ಯಕ್ಷರಾದವರಿಗೆ ಏಕವಚನವೇ ಅಂದರು. ಬಹುತೇಕ ಒಪ್ಪಿಕೊಳ್ಳುವವನಿದ್ದೆ. ಆಗ 1840ರ ಡಿಸೆಂಬರ್ 5ರ ಪುಟ ಬಂತು. ಅಂದು ಸದನ ಸ್ಪ್ರಿಂಗ್‌ಫೀಲ್ಡ್‌ನ ಒಂದು ಚರ್ಚಿನಲ್ಲಿ ಸೇರಿತ್ತು, ಹೊಸ ಕಟ್ಟಡ ಮುಗಿದಿರಲಿಲ್ಲ. ಸ್ಟೇಟ್ ಬ್ಯಾಂಕ್ ಉಳಿಸಿಕೊಳ್ಳಲು ವಿಗ್‌ಗಳು ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ) ಮುರಿಯಬೇಕಿತ್ತು. ಬಾಗಿಲಿಂದ ಹೊರಗೆ ಬಿಡಲಿಲ್ಲ. ಲಿಂಕನ್ ಮತ್ತು ಸಂಗಡಿಗರು ಕಿಟಕಿಯಿಂದ ಹಾರಿದರು. ಆದರೆ ಅಷ್ಟರಲ್ಲಿ ಅವರ ಹಾಜರಿ ಎಣಿಸಿ ಆಗಿತ್ತು! ಅಷ್ಟುದ್ದ ಕಾಲಿನವನಿಗೆ ಅದು ಹಾರಿದ ಹಾಗೂ ಅಲ್ಲ ಅಂತ ಎದುರು ಪಕ್ಷದವರು ಗೇಲಿ ಮಾಡಿದರು.

ಮೇಡಂಗೆ ಆ ಪುಟ ಓದಲು ಕೊಟ್ಟೆ. ‘ಲಿಂಕನ್ ಅವರು ಕಿಟಕಿಯಿಂದ ಹಾರಿದರು’ ಅಂತ ಗಟ್ಟಿಯಾಗಿ ಓದಿ, ನಕ್ಕು, ರಬ್ಬರ್ ಕೇಳಿದರು.