ಜರ್ಮನಿಗೆ ಸ್ವಯಂಸೇವೆಗೆ ಹೊರಟವರೇ, ತುಪ್ಪದ ಡಬ್ಬಿ ಮನೆಯಲ್ಲೇ ಇರಲಿ

ಮಾಟುಂಗಾ, ಡೊಂಬಿವಲಿ ಕಡೆಯಿಂದ ಜರ್ಮನಿಗೆ ಒಂದು ವರ್ಷದ ಸ್ವಯಂಸೇವೆಗೆ ಹೊರಟಿರುವ ಮಕ್ಕಳಿಗೆ, ಮುಖ್ಯವಾಗಿ ಅವರ ಪೆಟ್ಟಿಗೆ ತುಂಬುವ ಅಮ್ಮಂದಿರಿಗೆ: ತುಪ್ಪ, ಧಾರವಾಡ ಪೇಡೆ ಇಡಬೇಡಿ. ಹಾಲಿನ ಪದಾರ್ಥ, ಮಾಂಸವನ್ನು ಇಲ್ಲಿಂದ ಯುರೋಪಿಯನ್ ಒಕ್ಕೂಟಕ್ಕೆ ಒಯ್ಯುವಂತಿಲ್ಲ; ತಪಾಸಣೆಯಲ್ಲಿ ಸಿಕ್ಕರೆ ಕಿತ್ತುಕೊಳ್ಳುತ್ತಾರೆ. ಸಾರಿನ ಪುಡಿ, ಚಟ್ನಿಪುಡಿ ಸಾಕು. ಮನೆಯಲ್ಲಿ ಕುಟ್ಟಿದ್ದಕ್ಕಿಂತ ಅಂಗಡಿಯ ಮೊಹರು ಒಡೆಯದ ಪೊಟ್ಟಣವೇ ವಾಸಿ (ಅಜ್ಜಿಯರು ಕ್ಷಮಿಸಬೇಕು). ಕೆಂಪು ಪುಡಿ ಏನೆಂದು ಕೇಳಿದರೆ ಪೊಟ್ಟಣದ ಚೀಟಿಯೇ ಉತ್ತರ ಹೇಳುತ್ತದೆ.

ಅಲ್ಲಿ ಭಾನುವಾರ ಬಹುತೇಕ ಅಂಗಡಿಗಳಿಗೆ ಬೀಗ. ರಾತ್ರಿ ಹತ್ತಕ್ಕೂ ಕೊತ್ತಂಬರಿ ಕಟ್ಟು ಸಿಗುವ ಮುಂಬಯಿಯವರಿಗೆ ಇದು ಬೇಗ ತಲೆಗೆ ಹೋಗುವುದಿಲ್ಲ. ಹಾಲು, ತರಕಾರಿಯನ್ನು ಶನಿವಾರವೇ ತಂದಿಡಿ. ದೊಡ್ಡ ರೈಲು ನಿಲ್ದಾಣಗಳಲ್ಲಿ ಕೆಲವು ಅಂಗಡಿಗಳು ತೆರೆದಿರುತ್ತವೆ, ಆದರೆ ಬೆಲೆ ಜಾಸ್ತಿ. ನಿಮಗೆ ಸಿಗುವುದು ಸಂಬಳವಲ್ಲ, ಕೈಖರ್ಚಿನ ದುಡ್ಡು.

ಖಾಲಿಯಾದ ನೀರಿನ ಪ್ಲಾಸ್ಟಿಕ್ ಬಾಟಲಿಯನ್ನು ನಮ್ಮ ರೈಲುಗಳಲ್ಲಿ ಮಾಡುವಂತೆ ಹಿಂಡಿ ಎಸೆಯಬೇಡಿ. ಸೂಪರ್‌ಮಾರ್ಕೆಟಿನ ಯಂತ್ರಕ್ಕೆ ಹಾಕಿದರೆ ಒಂದಕ್ಕೆ 25 ಸೆಂಟ್ ಠೇವಣಿ ವಾಪಸು ಬರುತ್ತದೆ. ಬಾಟಲಿ ಮುದುಡಿದ್ದರೆ ಯಂತ್ರ ಬಾರ್‌ಕೋಡ್ ಓದುವುದಿಲ್ಲ.

ಮನೆ ಸೇರಿದ 2 ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರ ಸಹಿಯಿರುವ ಪತ್ರ ಬೇಕು. ಕೀಲಿಕೈ ಪಡೆಯುವಾಗಲೇ ಕೇಳಿ ತೆಗೆದುಕೊಳ್ಳಿ.