‘ಆಯ್ತ್ ಬುಡಿ’ ಅಂದರೆ ಒಪ್ಪಿದಂತಲ್ಲ: ಮಂಡ್ಯ ಸೀಮೆಯಲ್ಲಿ ಅಸಮಾಧಾನ ಗುರುತಿಸುವ ಬಗೆ

ಮಂಡ್ಯದವರ ಮಾತು ನೇರ ಎಂಬ ಹೆಸರಿದೆ. ಜಗಳದಲ್ಲಿ ಅದು ನಿಜ. ಆದರೆ ನೆಂಟರ ಮುಂದೆ, ಬೀಗರೂಟದ ಪಂಕ್ತಿಯಲ್ಲಿ, ಬೇಸರವನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಮೊದಲು ದನಿ ಹೇಳುತ್ತದೆ, ಆಮೇಲೆ ಮುಖ.

ದನಿಯಿಂದಲೇ ಶುರು ಮಾಡಿ. ‘ಅಂಗಾ?’ ಎಂಬುದು ಕೊನೆಯಲ್ಲಿ ಏರಿದರೆ ಕುತೂಹಲ. ‘ಅಂಗೋ...’ ಎಂದು ಏರಿಳಿತವಿಲ್ಲದೆ ಎಳೆದರೆ ನಿಮ್ಮ ಮಾತನ್ನು ನಂಬಿಲ್ಲ. ತುಂಡಾಗಿ ಕೆಳಗಿಳಿದ ‘ಹೂಂ’ ಬಂದರೆ ಮಾತು ಮುಗಿಸಿ. ‘ಆಯ್ತ್ ಬುಡಿ’ ಅಂದವರು ‘ಯಾವತ್ತ್ ಬರ್ಲಿ?’ ಅಂತ ಮುಂದಿನದನ್ನು ಕೇಳಿದರೆ ಒಪ್ಪಿದ್ದಾರೆ. ಅದೇ ಮಾತಾಡಿ, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರೆ ಒಪ್ಪಿಲ್ಲ.

ಎಲ್ಲಕ್ಕಿಂತ ಖಚಿತವಾದ ಗುರುತು ಸಂಬೋಧನೆ. ದಿನಾ ‘ಬಾರ್ಲಾ’ ಅನ್ನುವವರು ಇದ್ದಕ್ಕಿದ್ದಂತೆ ‘ಬನ್ನಿ ಸ್ವಾಮಿ, ಕೂತ್ಕಳಿ’ ಅಂದರೆ ಅದು ಮರ್ಯಾದೆಯಲ್ಲ, ಮನಸ್ಸು ಮುರಿದಿದೆ. ಹೊಸಬರು ಇದನ್ನು ಗೌರವ ಅಂದುಕೊಂಡು ಖುಷಿಪಡುತ್ತಾರೆ, ಅಲ್ಲೇ ಎಡವುವುದು. ಮೈಸೂರಿನ ಮನೆಗಳಲ್ಲಿ ಮೊದಲಿಂದಲೂ ‘ನೀವು’ ನಡೆಯುತ್ತಿದ್ದರೆ ಈ ಗುರುತು ಸಿಗದು. ಅಲ್ಲಿ ‘ನೋಡೋಣ ಬಿಡಿ’ ಎಷ್ಟು ಬೇಗ ಬಂತು ಅಂತ ಗಮನಿಸಿ. ಯೋಚಿಸದೆ ಬಂದಿದ್ದರೆ ಬಹುಪಾಲು ಇಲ್ಲ ಅಂತಲೇ.

ಇನ್ನು ಮುಖ. ಮೂತಿ ತಿರುವುವುದನ್ನು ಹತ್ತಿರದಿಂದ ನೋಡಿ: ಗಲ್ಲ ಸರಕ್ಕನೆ ಹೆಗಲ ಕಡೆ ಹೊರಳುತ್ತದೆ, ತುಟಿ ಒಂದು ಪಕ್ಕಕ್ಕೆ ಕೊಂಕುತ್ತದೆ, ಕಣ್ಣು ಮಾತ್ರ ಅರೆಕ್ಷಣ ನಿಮ್ಮ ಮೇಲೇ ಇರುತ್ತದೆ. ನಿಮಗೆ ಕಾಣಲಿ ಅಂತಲೇ ಮಾಡಿದ್ದು. ನೆಂಟರ ಮುಂದೆ ಮಕ್ಕಳಿಗೆ ಅಮ್ಮ ಕಣ್ಣು ಬಿಡುವಾಗ ಹುಬ್ಬು ಗಂಟಿಕ್ಕದಿದ್ದರೆ ‘ಸಾಕು’ ಅಂತ ಅಷ್ಟೇ; ಹುಬ್ಬೂ ಗಂಟಿಕ್ಕಿದರೆ ನೆಂಟರು ಹೋದಮೇಲೆ ಬೈಗುಳ ಇದ್ದೇ ಇದೆ. ತಲೆ ಮೆಲ್ಲಗೆ ಅತ್ತಿತ್ತ ತೂಗಿದರೆ ಹೂಂ ಅಂತ. ಹೊರಗಿನವರು ಅದನ್ನು ಉಲ್ಟಾ ಓದುತ್ತಾರೆ. ನಾಲಿಗೆ ಒಮ್ಮೆ ‘ಚ್’ ಅಂದರೆ ಬೇಸರ, ಎರಡು ಮೂರು ಸಲ ಮೆತ್ತಗೆ ಲೊಚಗುಟ್ಟಿದರೆ ಮರುಕ.

ಹಿರಿಯರ ಮಾತು ನಿಮಗೇ ಹಿಡಿಸದಿದ್ದರೆ ಲೊಚಗುಟ್ಟಬೇಡಿ, ಕೈ ಒದರಬೇಡಿ. ದೃಷ್ಟಿ ತಗ್ಗಿಸಿ, ಹೂಂಗುಟ್ಟುವುದನ್ನು ನಿಲ್ಲಿಸಿ. ಅವರಿಗೆ ತಿಳಿಯುತ್ತದೆ.

ಯಾರಿಗಾದರೂ ಬೇಸರವಾಗಿದೆ ಅನ್ನಿಸಿದರೆ ನಾಲ್ಕು ಜನರ ಮುಂದೆ ‘ಕೋಪಾನಾ?’ ಅಂತ ಕೇಳಬೇಡಿ. ‘ನಂಗ್ಯಾಕಪ್ಪ ಕೋಪ’ ಅಂದುಬಿಟ್ಟರೆ ಆ ಮಾತಿಗೇ ಅವರು ಅಂಟಿಕೊಳ್ಳಬೇಕಾಗುತ್ತದೆ. ಸಂಜೆ ಅವರ ಮನೆಗೇ ಹೋಗಿ, ಜಗಲಿ ಮೇಲೆ ಕೂತು, ಕೊಟ್ಟ ಕಾಫಿ ಬೇಡ ಅನ್ನದೆ ಕುಡಿದು, ‘ನನ್ ಕಡೆಯಿಂದ ಏನಾದ್ರೂ ತಪ್ಪಾಯ್ತಾ?’ ಅನ್ನಿ. ತಕ್ಷಣ ಉತ್ತರ ಬರದಿರಬಹುದು, ಸುಮ್ಮನೆ ಕೂತಿರಿ. ಹೊರಡುವಾಗ ‘ಇರ್ಲಾ, ಉಂಡ್ಕೊಂಡ್ ಓಗು’ ಅಂತ ಹಳೆಯ ದನಿ ಬಂದರೆ ಬೇಸರ ಕಳೆದಿದೆ, ಮುದ್ದೆಗೆ ಕೂರಿ.